ನಾಗರಿಕನ ಬಿಡುವು, ರಾಷ್ಟ್ರದ ಆಕಾಶ

ಯುದ್ಧಕಾಲದ ಒತ್ತಡದಲ್ಲಿ ಹುಟ್ಟಿಕೊಂಡ ಸಂಸ್ಥೆಗಳಲ್ಲಿ ಬಹುಪಾಲು ಯುದ್ಧದೊಡನೆಯೇ ಅಸ್ತಂಗತವಾಗುವುದು ಲೋಕರೂಢಿ. ಅವನ್ನು ಹುಟ್ಟಿಸಿದ ಭಯವು ಶಮನವಾದೊಡನೆ ಅವನ್ನು ಪೋಷಿಸುತ್ತಿದ್ದ ಉತ್ಸಾಹವೂ ಕುಂದುತ್ತದೆ. ಸ್ವಯಂಸೇವಕರು ತಮ್ಮ ತಮ್ಮ ಉದ್ಯೋಗಗಳಿಗೆ ಮರಳುತ್ತಾರೆ. ಉಳಿಯತಕ್ಕದ್ದು ಒಂದಿಷ್ಟು ಪದಕ, ಒಂದಿಷ್ಟು ಕಡತ. ಈ ಸಾಮಾನ್ಯ ನಿಯಮಕ್ಕೆ ಅಪವಾದವಾಗಿ, ಅಮೆರಿಕವು ಎರಡನೆಯ ಮಹಾಯುದ್ಧಕ್ಕೆ ಇಳಿಯುವ ಕೆಲವೇ ದಿನಗಳ ಮುಂಚೆ ಹುಟ್ಟಿ, ಆ ಯುದ್ಧ ಮುಗಿದು ಎಂಟು ದಶಕಗಳು ಸಂದ ಮೇಲೂ ಕ್ಷೀಣಿಸದೆ ನಿಂತಿರುವ ಸಂಸ್ಥೆಯೊಂದು ಆ ದೇಶದಲ್ಲಿದೆ. ಸಿವಿಲ್ ಏರ್ ಪೆಟ್ರೋಲ್ ಎಂದು ಅದರ ಹೆಸರು. ವಾಯುಸೇನೆಗೆ ಅಧಿಕೃತ ಸಹಾಯಕವಾಗಿದ್ದರೂ ತಾನು ಸೇನೆಯಲ್ಲದ, ಸಂಬಳವಾಗಲಿ ಶಸ್ತ್ರವಾಗಲಿ ಇಲ್ಲದ ಈ ಪೌರದಳದಲ್ಲಿ ಇಂದು 60,000ಕ್ಕೂ ಮಿಕ್ಕಿದ ಸದಸ್ಯರಿದ್ದಾರೆ. 550ರ ಆಸುಪಾಸಿನಲ್ಲಿ ಸೆಸ್ನಾ ಕಂಪನಿಯ ಒಂಟಿ ಎಂಜಿನ್ನಿನ ವಿಮಾನಗಳಿವೆ. ಈ ಜಾತಿಯ ವಿಮಾನಗಳ ಇಷ್ಟು ದೊಡ್ಡ ಸಮೂಹ ಜಗತ್ತಿನಲ್ಲಿ ಮತ್ತಾರ ಬಳಿಯಲ್ಲಿಯೂ ಇಲ್ಲ.

ಹನ್ನೆರಡು ವರ್ಷದ ಶಾಲಾಬಾಲಿಕೆಯೂ ಎಪ್ಪತ್ತು ವರ್ಷದ ನಿವೃತ್ತ ಉಪಾಧ್ಯಾಯರೂ ಒಂದೇ ಲಾಂಛನದ ಕೆಳಗೆ ಸದಸ್ಯರಾಗಬಹುದಾದ ಇಂಥ ಸಂಸ್ಥೆಯನ್ನು ಕುರಿತು ಕೇಳಿದೊಡನೆ ನಮ್ಮಲ್ಲಿ ಸಹಜವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ವಿಮಾನ ನಡೆಸಲು ಬಾರದ ಮನುಷ್ಯನಿಗೆ ವಿಮಾನದಳದಲ್ಲಿ ಏನು ಕೆಲಸ? ಸಂಬಳವಿಲ್ಲದೆ, ಸಂಜೆಯ ಬಿಡುವಿನಲ್ಲಿ ಬಂದು ಹೋಗುವ ಜನರನ್ನು ನಂಬಿ ಒಂದು ರಾಷ್ಟ್ರವು ಪ್ರಾಣರಕ್ಷಣೆಯಂಥ ಗುರುತರವಾದ ಹೊಣೆಯನ್ನು ಹೇಗೆ ಒಪ್ಪಿಸೀತು? ಈ ಎರಡನ್ನೂ ವಿಚಾರಮಾಡಿ ನೋಡಿದರೆ ದೊರೆಯುವ ಉತ್ತರ ಒಂದೇ ಆಗಿದೆ: ಸದಿಚ್ಛೆಯು ಎಷ್ಟೇ ಉಜ್ಜ್ವಲವಾಗಿರಲಿ, ಶಿಕ್ಷಣಕ್ಕೂ ಪರೀಕ್ಷೆಗೂ ತಲೆಬಾಗಿದ ಮೇಲೆಯೇ ಅದು ಸೇವೆಯೆನಿಸಿಕೊಳ್ಳುವ ಯೋಗ್ಯತೆಯನ್ನು ಪಡೆಯುತ್ತದೆ. ಈ ದಳದ ಚರಿತ್ರೆಯೂ ಅದರ ನಿಯಮಾವಳಿಯೂ ಈ ಮಾತಿನ ವಿಸ್ತಾರವಾದ ವ್ಯಾಖ್ಯಾನದಂತಿವೆ.

ನ್ಯೂಜರ್ಸಿ ಸಂಸ್ಥಾನದ ವಿಮಾನಯಾನ ವಿಭಾಗದ ನಿರ್ದೇಶಕರಾಗಿದ್ದ ಗಿಲ್ ರಾಬ್ ವಿಲ್ಸನ್ ಎಂಬವರು ಪೂರ್ವಾಶ್ರಮದಲ್ಲಿ ಪ್ರೆಸ್ಬಿಟೀರಿಯನ್ ಪಂಥದ ಪಾದ್ರಿಗಳು. 1930ರ ದಶಕದಲ್ಲಿ ಜರ್ಮನಿಗೆ ಹೋಗಿಬಂದ ಅವರಿಗೆ, ಯುದ್ಧವು ಅನಿವಾರ್ಯವೆಂದೂ ಯುದ್ಧ ಬಂದೊಡನೆ ಸರ್ಕಾರವು ಖಾಸಗಿ ವಿಮಾನಗಳ ಹಾರಾಟವನ್ನೆಲ್ಲ ನಿಷೇಧಿಸಿಬಿಡುವುದೆಂದೂ ಮನದಟ್ಟಾಯಿತು. ವ್ಯಾಪಾರಿಗಳು, ವೈದ್ಯರು, ಜಮೀನುದಾರರು ತಮ್ಮ ಸ್ವಂತ ಹಣದಿಂದ ಕೊಂಡು, ಸ್ವಂತ ಶ್ರಮದಿಂದ ನಡೆಸಲು ಕಲಿತಿದ್ದ ಆ ಸಣ್ಣ ವಿಮಾನಗಳು ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿಯುವುದಕ್ಕಿಂತ, ಅವುಗಳನ್ನೂ ಅವುಗಳ ಒಡೆಯರನ್ನೂ ಒಂದು ಕಟ್ಟಳೆಗೆ ಒಳಪಡಿಸಿ ದೇಶರಕ್ಷಣೆಗೆ ವಿನಿಯೋಗಿಸುವುದು ಲೇಸಲ್ಲವೆ ಎಂಬುದು ಅವರ ವಾದ. ಈ ವಾದವನ್ನು ಪೌರರಕ್ಷಣಾ ಇಲಾಖೆಯ ಅಧಿಪತಿಯಾಗಿದ್ದ ಫಿಯೊರೆಲ್ಲೊ ಲಗ್ವಾರ್ಡಿಯಾ ಅಂಗೀಕರಿಸಿದರು. ನ್ಯೂಯಾರ್ಕಿನ ಪ್ರಸಿದ್ಧ ಮೇಯರ್ ಆಗಿದ್ದ ಅವರು ಮೊದಲನೆಯ ಮಹಾಯುದ್ಧದಲ್ಲಿ ತಾವೇ ವಿಮಾನದಲ್ಲಿ ಹಾರಿದ್ದವರಾದಕಾರಣ ವಿಷಯದ ಮರ್ಮ ಅವರಿಗೆ ತಿಳಿದಿತ್ತು. 1941ರ ಡಿಸೆಂಬರ್ 1ರಂದು ಆಜ್ಞೆ ಹೊರಟಿತು. ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ದಾಳಿ ನಡೆದದ್ದು ಅದಾದ ಆರನೆಯ ದಿನ.

ದಳವು ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಅದಕ್ಕೆ ಅಗ್ನಿಪರೀಕ್ಷೆ ಒದಗಿತು. 1942ರ ಆದಿಯಿಂದ ಜರ್ಮನಿಯ ಜಲಾಂತರ್ಗಾಮಿಗಳು ಅಮೆರಿಕದ ಪೂರ್ವತೀರದವರೆಗೆ ನುಸುಳಿಬಂದು, ದಡದ ಮೇಲಿನ ಜನ ನೋಡುತ್ತಿರುವಂತೆಯೇ ಎಣ್ಣೆಯ ಹಡಗುಗಳನ್ನು ಮುಳುಗಿಸತೊಡಗಿದವು. ನೌಕಾಸೇನೆಗಾಗಲಿ ಭೂಸೇನೆಯ ವಾಯುವಿಭಾಗಕ್ಕಾಗಲಿ ಅಷ್ಟು ಉದ್ದದ ಕಡಲತೀರವನ್ನು ಕಾಯುವಷ್ಟು ವಿಮಾನಗಳಿರಲಿಲ್ಲ. ಅಧಿಕಾರಿಗಳು ಬಹಳ ಹಿಂಜರಿದು, ಕೆಲವು ದಿನಗಳ ಪ್ರಯೋಗವೆಂದು ಹೇಳಿ, ಈ ಹವ್ಯಾಸಿಗಳಿಗೆ ಕರಾವಳಿಯ ಗಸ್ತನ್ನು ಒಪ್ಪಿಸಿದರು. ನ್ಯೂಜರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿಯೂ ಡೆಲವೇರಿನ ರಿಹೋಬತ್ ತೀರದಲ್ಲಿಯೂ ಆರಂಭವಾದ ನೆಲೆಗಳು ಕ್ರಮೇಣ ಬೆಳೆದು, ಅಟ್ಲಾಂಟಿಕ್ ಸಾಗರದ ಮತ್ತು ಮೆಕ್ಸಿಕೊ ಕೊಲ್ಲಿಯ ಅಂಚಿನುದ್ದಕ್ಕೂ 21 ಆದವು. ನೆಲದ ಮೇಲೆ ಹಾರಲೆಂದು ತಯಾರಾದ ಒಂಟಿ ಎಂಜಿನ್ನಿನ ವಿಮಾನಗಳು ಜೋಡಿಜೋಡಿಯಾಗಿ ಸಮುದ್ರದ ಮೇಲೆ ಸಂಚರಿಸಿದವು. ಒಂದು ನೀರಿಗೆ ಬಿದ್ದರೆ ಬಿದ್ದ ತಾಣವನ್ನು ಇನ್ನೊಂದು ತಿಳಿಸಬೇಕೆಂಬುದು ಆ ಜೋಡಿಯ ತಾತ್ಪರ್ಯ. ಹಾಗೆ ಸಮುದ್ರದಲ್ಲಿ ಬಿದ್ದು ಬದುಕಿ ಬಂದವರು ತಮ್ಮದೇ ಒಂದು ‘ಬಾತುಕೋಳಿ ಕೂಟ’ವನ್ನು ಕಟ್ಟಿಕೊಂಡು, ಅದರ ಚಿಹ್ನೆಯನ್ನು ಧರಿಸಿ ನಗೆಯಾಡುತ್ತಿದ್ದರಂತೆ. ಸಾವಿನೊಡನೆ ಸಲಿಗೆಯಿಂದ ವರ್ತಿಸುವವರಿಗೆ ವಿನೋದವೂ ಒಂದು ಕವಚ.

ಆ ಕಾಲದ ಒಂದು ಘಟನೆಯನ್ನು ಇಲ್ಲಿ ಹೇಳದಿರಲಾಗದು. 1942ರ ಜುಲೈ ತಿಂಗಳಲ್ಲಿ ರಿಹೋಬತ್ ನೆಲೆಯ ವಿಮಾನವೊಂದು ಕಡಲಿಗೆ ಬಿತ್ತು. ಆ ನೆಲೆಯ ಹ್ಯೂ ಶಾರ್ಪ್ ಮತ್ತು ಎಡ್ಮಂಡ್ ಎಡ್ವರ್ಡ್ಸ್ ಎಂಬ ಇಬ್ಬರು, ನೀರಿನ ಮೇಲೂ ಇಳಿಯಬಲ್ಲ ಹಳೆಯದೊಂದು ಸಿಕೋರ್ಸ್ಕಿ ವಿಮಾನವನ್ನೇರಿ ಹೊರಟು, ಉಬ್ಬರಿಸುತ್ತಿದ್ದ ಅಲೆಗಳ ನಡುವೆ ಇಳಿದು, ಬಿದ್ದವರಲ್ಲಿ ಒಬ್ಬನನ್ನು ಮೇಲೆತ್ತಿಕೊಂಡರು. ಆದರೆ ಇಳಿಯುವ ಪೆಟ್ಟಿಗೆ ವಿಮಾನದ ಎಡಗಡೆಯ ತೇಲುಬುರುಡೆ ಜಖಂಗೊಂಡು, ಮರಳಿ ಹಾರುವುದು ಅಸಾಧ್ಯವಾಯಿತು. ಆಗ ಎಡ್ವರ್ಡ್ಸ್ ಬಲರೆಕ್ಕೆಯ ತುದಿಗೆ ತೆವಳಿಹೋಗಿ, ತನ್ನ ಮೈಭಾರದಿಂದಲೇ ವಿಮಾನವನ್ನು ಸಮತೂಕದಲ್ಲಿರಿಸಿ, ಅದು ನೀರಿನ ಮೇಲೆ ತೇಲುತ್ತ ತೇಲುತ್ತ ದಡದ ಕಡೆಗೆ ಸಾಗುವ ತನಕ ಎಷ್ಟೋ ಗಂಟೆಗಳ ಕಾಲ ಚಳಿಯಲ್ಲಿ ಅಲ್ಲಿಯೇ ಅಂಟಿಕೊಂಡಿದ್ದರು. ಮರುವರ್ಷ ಅಧ್ಯಕ್ಷ ರೂಸ್‌ವೆಲ್ಟರು ಈ ಇಬ್ಬರಿಗೂ ಏರ್ ಮೆಡಲ್ ಎಂಬ ಪದಕವನ್ನಿತ್ತರು. ಸೈನಿಕರಲ್ಲದವರಿಗೆ ಆ ಗೌರವ ಸಂದುದು ಅದೇ ಮೊದಲು.

1943ರ ಆಗಸ್ಟ್ ಅಂತ್ಯದಲ್ಲಿ ಕರಾವಳಿಯ ಗಸ್ತು ಮುಗಿಯುವ ವೇಳೆಗೆ 86,685 ಹಾರಾಟಗಳು ನಡೆದಿದ್ದವು. ಕ್ರಮಿಸಿದ ದೂರ ಸುಮಾರು 2 ಕೋಟಿ 40 ಲಕ್ಷ ಮೈಲಿ. 173 ಜಲಾಂತರ್ಗಾಮಿಗಳ ಸುಳಿವನ್ನು ದಳವು ಸೇನೆಗೆ ಮುಟ್ಟಿಸಿತ್ತು. ಕಳೆದುಕೊಂಡದ್ದು 90 ವಿಮಾನಗಳು ಮತ್ತು 26 ಜೀವಗಳು. ಬಾಂಬು ಹಾಕಿ ಒಂದೆರಡು ಜಲಾಂತರ್ಗಾಮಿಗಳನ್ನು ಮುಳುಗಿಸಿದೆವೆಂದು ದಳವು ಬಹುಕಾಲ ಹೇಳಿಕೊಂಡದ್ದುಂಟು; ಜರ್ಮನಿಯ ನೌಕಾದಾಖಲೆಗಳನ್ನು ಶೋಧಿಸಿದ ಈಚಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಆದರೆ ಇದರಿಂದ ದಳದ ಮಹತ್ತ್ವಕ್ಕೆ ಊನ ಬರುವುದೆಂದು ನನಗೆ ತೋರುವುದಿಲ್ಲ. ಮೇಲೊಂದು ವಿಮಾನ ಸುಳಿದಾಡಿದಷ್ಟರಿಂದಲೇ ಜಲಾಂತರ್ಗಾಮಿಯು ಮುಳುಗಿ ಅಡಗಬೇಕಾಗುತ್ತಿತ್ತು. ಅದು ಅಡಗಿದಷ್ಟು ಹೊತ್ತು ಹಡಗುಗಳು ನಿರ್ವಿಘ್ನವಾಗಿ ಸಾಗುತ್ತಿದ್ದವು. ಕಾವಲಿನ ಫಲವು ನಡೆಯದೆ ಹೋದ ಅನರ್ಥಗಳಲ್ಲಿ ಇರುತ್ತದೆಯಾದ್ದರಿಂದ ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಯಾವಾಗಲೂ ಕಷ್ಟ.

ಅದೇ ವರ್ಷಗಳಲ್ಲಿ ದಳವು ಇನ್ನೆರಡು ದೂರದೃಷ್ಟಿಯ ಹೆಜ್ಜೆಗಳನ್ನಿಟ್ಟಿತು. ಸೇನೆಯಲ್ಲಿ ವರ್ಣಭೇದವು ಪ್ರಬಲವಾಗಿದ್ದ ಆ ದಿನಗಳಲ್ಲಿ, ಶಿಕಾಗೊ ನಗರದಲ್ಲಿ ವಿಮಾನವಿದ್ಯೆಯನ್ನು ಕಲಿಸುತ್ತಿದ್ದ ವಿಲ್ಲಾ ಬ್ರೌನ್ ಎಂಬ ಕರಿಯ ಮಹಿಳೆಗೆ ಅದು ಅಧಿಕಾರಿಯ ಪದವಿಯನ್ನಿತ್ತಿತು. 1942ರ ಅಕ್ಟೋಬರ್‌ನಲ್ಲಿ ಕಿರಿಯರ ವಿಭಾಗವನ್ನು ತೆರೆದು ಹುಡುಗರನ್ನೂ ಹುಡುಗಿಯರನ್ನೂ ಕೆಡೆಟ್ಟುಗಳಾಗಿ ಸೇರಿಸಿಕೊಂಡಿತು. ಯುದ್ಧಾನಂತರ, 1946ರ ಜುಲೈ 1ರಂದು ಅಧ್ಯಕ್ಷ ಟ್ರೂಮನ್ ಅಂಕಿತ ಹಾಕಿದ ಶಾಸನದಿಂದ ಅದು ಲಾಭಾಪೇಕ್ಷೆಯಿಲ್ಲದ ಪರೋಪಕಾರಿ ಸಂಸ್ಥೆಯಾಯಿತು. 1948ರ ಮೇ ತಿಂಗಳ ಇನ್ನೊಂದು ಶಾಸನದಿಂದ ವಾಯುಸೇನೆಯ ಅಧಿಕೃತ ಸಹಾಯಕ ಎಂಬ ಸ್ಥಾನ ದೊರೆಯಿತು. ತುರ್ತು ಸೇವೆ, ಕೆಡೆಟ್ಟುಗಳ ಶಿಕ್ಷಣ, ವಿಮಾನ ಮತ್ತು ಅಂತರಿಕ್ಷ ವಿದ್ಯೆಯ ಪ್ರಸಾರ ಎಂಬ ಮೂರು ಕರ್ತವ್ಯಗಳನ್ನು ಹೊತ್ತು ಅದು ಇಂದಿಗೂ ನಡೆಯುತ್ತಿದೆ. ಅಲಬಾಮಾ ಸಂಸ್ಥಾನದ ಮ್ಯಾಕ್ಸ್‌ವೆಲ್ ವಾಯುನೆಲೆಯಲ್ಲಿ ಅದರ ಕೇಂದ್ರ ಕಚೇರಿ, ಐವತ್ತು ಸಂಸ್ಥಾನಗಳಿಗೂ ರಾಜಧಾನಿಗೂ ಪೋರ್ಟೊ ರಿಕೊ ದ್ವೀಪಕ್ಕೂ ಒಂದೊಂದರಂತೆ 52 ‘ವಿಂಗ್’ಗಳು, ಅವುಗಳ ಕೆಳಗೆ ಊರೂರಿನ ‘ಸ್ಕ್ವಾಡ್ರನ್’ಗಳು. ಸಾಮಾನ್ಯ ಸದಸ್ಯನಿಗೆ ಸಂಸ್ಥೆಯೆಂದರೆ ತನ್ನೂರಿನ ಸ್ಕ್ವಾಡ್ರನ್ನೇ.

ಕಿರಿಯರು ಸೇರುವ ಬಗೆಯನ್ನು ಮೊದಲು ನೋಡೋಣ. 12 ವರ್ಷ ತುಂಬಿದ, 19 ತುಂಬದ ಯಾರೇ ಆಗಲಿ ಕೆಡೆಟ್ಟಾಗಿ ಸೇರಬಹುದು. 21ರ ವರೆಗೆ ಕೆಡೆಟ್ಟಾಗಿಯೇ ಮುಂದುವರಿಯಲೂ ಅವಕಾಶವುಂಟು. ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೆ ಅಲ್ಲಿ ಕಾಯಂ ಆಗಿ ವಾಸಿಸುವ ಶಾಸನಸಮ್ಮತವಾದ ಹಕ್ಕನ್ನು ಪಡೆದಿರಬೇಕು. ಸೇರಬಯಸುವ ಮಗು ತಂದೆತಾಯಿಗಳೊಡನೆ ಹತ್ತಿರದ ಸ್ಕ್ವಾಡ್ರನ್ನಿನ ಕೆಲವು ಸಭೆಗಳಿಗೆ ಅತಿಥಿಯಾಗಿ ಹೋಗಿ ಕುಳಿತು, ಅಲ್ಲಿನ ನಡವಳಿಕೆಯನ್ನು ಕಣ್ಣಾರೆ ಕಂಡು, ಆ ಬಳಿಕ ಹಿರಿಯರ ಒಪ್ಪಿಗೆಯೊಡನೆ ಅರ್ಜಿ ಸಲ್ಲಿಸುವುದು ವಾಡಿಕೆ. ವಾರಕ್ಕೊಂದು ಸಂಜೆ ಎರಡು ಎರಡೂವರೆ ಗಂಟೆಗಳ ಸಭೆ; ತಿಂಗಳಿಗೊಮ್ಮೆ ಶನಿವಾರದಂದು ಹೊರಸಂಚಾರವೋ ಅಭ್ಯಾಸವೋ; ಬೇಸಗೆಯಲ್ಲಿ ಒಂದು ವಾರದ ಶಿಬಿರ. ನಾಯಕತ್ವ, ವಿಮಾನವಿದ್ಯೆ, ದೇಹದಾರ್ಢ್ಯ, ಶೀಲ ಎಂಬ ನಾಲ್ಕು ಅಂಗಗಳಲ್ಲಿ ಶಿಕ್ಷಣ ನಡೆಯುತ್ತದೆ. ಕವಾಯತು, ಸಮವಸ್ತ್ರದ ಇಸ್ತ್ರಿ, ವಂದನೆಯ ಕ್ರಮ ಮೊದಲಾದುವು ಹೊರಗಿನವರ ಕಣ್ಣಿಗೆ ಮೊದಲು ಬೀಳತಕ್ಕವು. ಆದರೆ ಶಿಕ್ಷಣದ ಸಾರವು ಅವುಗಳಲ್ಲಿ ಇರದೆ, ಹದಿನಾಲ್ಕರ ಹುಡುಗಿ ಹನ್ನೆರಡರ ಹುಡುಗನಿಗೆ ಪಾಠ ಹೇಳುವ ಪದ್ಧತಿಯಲ್ಲಿದೆ. ಇಂದು ಆಜ್ಞೆಯನ್ನು ಪಾಲಿಸಿದವನು ಮರುವರ್ಷ ಆಜ್ಞೆಯನ್ನು ಕೊಡಬೇಕಾದ ಸ್ಥಾನಕ್ಕೆ ಬರುವುದರಿಂದ, ವಿಧೇಯತೆ ಅಧಿಕಾರಗಳೆರಡರ ಕಷ್ಟವೂ ಚಿಕ್ಕಂದಿನಲ್ಲಿಯೇ ಅನುಭವಕ್ಕೆ ಬರುತ್ತದೆ.

ಮೇಲಕ್ಕೇರುವ ಮೆಟ್ಟಿಲುಗಳು ಕ್ರಮಬದ್ಧವಾಗಿವೆ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಎಂಟು ವಾರಗಳ ಅವಧಿ ಸಲ್ಲಬೇಕು. ಪ್ರತಿಭಾಶಾಲಿಯೂ ಇದನ್ನು ಜಿಗಿದು ದಾಟುವಂತಿಲ್ಲ. ದಳದ ಪ್ರಥಮ ದಂಡನಾಯಕರಾದ ಜನರಲ್ ಕರಿ ಎಂಬವರ ಹೆಸರಿನದು ಮೊದಲ ಹಂತ. ಆಮೇಲೆ ರೈಟ್ ಸಹೋದರರ ಹೆಸರಿನ ಪ್ರಶಸ್ತಿ. ಬಳಿಕ ಬಿಲ್ಲಿ ಮಿಚೆಲ್, ಅಮೀಲಿಯಾ ಇಯರ್‌ಹಾರ್ಟ್, ಐರಾ ಈಕರ್ ಎಂಬವರ ಹೆಸರಿನವು. ಎಲ್ಲಕ್ಕೂ ಮೇಲೆ ವಾಯುಸೇನೆಯ ಮೊದಲ ಮುಖ್ಯಸ್ಥರೂ ಮುಂದೆ ಈ ದಳದ ಮಂಡಳಿಗೆ ಅಧ್ಯಕ್ಷರೂ ಆಗಿದ್ದ ಕಾರ್ಲ್ ಸ್ಪಾಟ್ಜರ ಹೆಸರಿನ ಪ್ರಶಸ್ತಿ. ಈ ಕಡೆಯದಕ್ಕೆ ನಾಯಕತ್ವದ ಮತ್ತು ವಿಮಾನವಿದ್ಯೆಯ ಲಿಖಿತ ಪರೀಕ್ಷೆ, ಒಂದು ಪ್ರಬಂಧ, ದೇಹಶಕ್ತಿಯ ಪರೀಕ್ಷೆ ಇಷ್ಟರಲ್ಲಿಯೂ ತೇರ್ಗಡೆಯಾಗಬೇಕು. ಮೂರು ಸಲ ಮಾತ್ರ ಪ್ರಯತ್ನಿಸಬಹುದು. ಕೆಡೆಟ್ಟುಗಳಲ್ಲಿ ನೂರಕ್ಕೆ ಒಬ್ಬರೂ ಆ ಶಿಖರವನ್ನು ಮುಟ್ಟುವುದಿಲ್ಲ. ಮಿಚೆಲ್ ಪ್ರಶಸ್ತಿಯನ್ನು ಪಡೆದವರು ಮುಂದೆ ತಾವಾಗಿ ವಾಯುಸೇನೆಗೆ ಸೇರಿದರೆ ಎರಡು ಮೆಟ್ಟಿಲು ಮೇಲಿನ ದರ್ಜೆಯಿಂದ ಆರಂಭಿಸಬಹುದು. ಸೇರಲೇಬೇಕೆಂಬ ಕಟ್ಟಳೆ ಮಾತ್ರ ಎಲ್ಲಿಯೂ ಇಲ್ಲ.

ಮಕ್ಕಳ ಮನಸ್ಸನ್ನು ಸೆಳೆಯತಕ್ಕದ್ದು ಪ್ರಶಸ್ತಿಗಳ ಪಟ್ಟಿಗಿಂತ ಹೆಚ್ಚಾಗಿ ಹಾರಾಟವೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹದಿನೆಂಟು ತುಂಬುವುದರೊಳಗೆ ಪ್ರತಿಯೊಬ್ಬ ಕೆಡೆಟ್ಟಿಗೂ ಎಂಜಿನ್ನಿನ ವಿಮಾನದಲ್ಲಿ ಐದು, ಎಂಜಿನ್ನಿಲ್ಲದ ಗ್ಲೈಡರಿನಲ್ಲಿ ಐದು ಪರಿಚಯ ಹಾರಾಟಗಳನ್ನು ದಳವು ಉಚಿತವಾಗಿ ಒದಗಿಸುತ್ತದೆ. ಪೈಲಟ್ಟಿನ ಪಕ್ಕದ ಪೀಠದಲ್ಲಿ ಕುಳಿತು, ನೆಲ ಬಿಟ್ಟೆದ್ದ ಮೇಲೆ ಚುಕ್ಕಾಣಿಯನ್ನು ತನ್ನ ಕೈಗೆ ತೆಗೆದುಕೊಂಡು, ವಿಮಾನವು ತನ್ನ ಬೆರಳಿನ ಒತ್ತಡಕ್ಕೆ ಓಗೊಡುವುದನ್ನು ಅರಿತ ಮಗುವಿಗೆ ಗಣಿತದ ತ್ರಿಕೋನಗಳೂ ಭೌತಶಾಸ್ತ್ರದ ಒತ್ತಡದ ಪಾಠವೂ ಆಮೇಲೆ ಬೇರೆಯದೇ ರುಚಿ ಕೊಡುತ್ತವೆ. ಅಮೆರಿಕದ ಕಾನೂನಿನಂತೆ 14 ವರ್ಷಕ್ಕೆ ಗ್ಲೈಡರನ್ನೂ 16ಕ್ಕೆ ವಿಮಾನವನ್ನೂ ಒಂಟಿಯಾಗಿ ನಡೆಸಬಹುದು. ಯೋಗ್ಯರಾದ ಕೆಡೆಟ್ಟುಗಳಿಗೆ ಆ ಶಿಕ್ಷಣಕ್ಕಾಗಿ ವಿದ್ಯಾರ್ಥಿವೇತನಗಳೂ ಉಂಟು. ಥಂಡರ್‌ಬರ್ಡ್ಸ್ ಎಂಬ ವಾಯುಸೇನೆಯ ಪ್ರದರ್ಶನ ತಂಡದಲ್ಲಿ ಹಾರಿದ ಮೊದಲ ಮಹಿಳೆ ನಿಕೋಲ್ ಮಲಕೋವ್ಸ್ಕಿ ಬಾಲ್ಯದಲ್ಲಿ ಈ ದಳದ ಕೆಡೆಟ್ಟಾಗಿದ್ದವರು.

ಇನ್ನು ಹಿರಿಯರ ವಿಷಯ. 18 ತುಂಬಿದವರು ಹಿರಿಯ ಸದಸ್ಯರಾಗಿ ಸೇರಬಹುದು. ವಯಸ್ಸಿಗೆ ಮೇಲಿನ ಮಿತಿಯಿಲ್ಲ. ಸೈನ್ಯದ ಅನುಭವವಾಗಲಿ ವಿಮಾನದ ಲೈಸೆನ್ಸಾಗಲಿ ಅಗತ್ಯವಲ್ಲ. ಆದರೆ ಬಾಗಿಲು ವಿಶಾಲವಾಗಿದೆಯೆಂದ ಮಾತ್ರಕ್ಕೆ ಕಾವಲಿಲ್ಲವೆಂದು ತಿಳಿಯಬಾರದು. ಅರ್ಜಿಯೊಡನೆ ಬೆರಳಚ್ಚುಗಳನ್ನು ಕೊಡಬೇಕು. ಕೇಂದ್ರ ತನಿಖಾ ಇಲಾಖೆಯಾದ ಎಫ್‌ಬಿಐ ದಾಖಲೆಗಳೊಡನೆ ಅವನ್ನು ಹೋಲಿಸಿ ಅರ್ಜಿದಾರನ ಪೂರ್ವಚರಿತ್ರೆಯನ್ನು ಶೋಧಿಸುತ್ತಾರೆ. ಮಕ್ಕಳೊಡನೆ ಹೇಗೆ ವರ್ತಿಸಬೇಕು, ಯಾವ ಸಂದರ್ಭದಲ್ಲಿ ಒಬ್ಬನೇ ಹಿರಿಯ ಅವರೊಡನೆ ಇರಬಾರದು ಎಂಬ ಕೆಡೆಟ್ ರಕ್ಷಣೆಯ ಪಾಠವು ಎಲ್ಲರಿಗೂ ಕಡ್ಡಾಯ. ಈ ಆರಂಭದ ಶಿಕ್ಷಣ ಮುಗಿದ ಮೇಲೆ ತನಗೆ ಒಗ್ಗುವ ಒಂದು ವಿಭಾಗವನ್ನು ಆರಿಸಿಕೊಂಡು ಅದರಲ್ಲಿ ಮೂರು ಹಂತದ ಪರಿಣತಿಯನ್ನು ಸಂಪಾದಿಸಬೇಕು. ರೇಡಿಯೊ ಸಂಪರ್ಕ, ಹಣಕಾಸು, ಸರಬರಾಜು, ಕೆಡೆಟ್ಟುಗಳ ಶಿಕ್ಷಣ, ಸುರಕ್ಷತೆ, ಪ್ರಚಾರ ಹೀಗೆ ವಿಭಾಗಗಳು ಅನೇಕ. ಲೆಕ್ಕಿಗನಿಗೆ ಲೆಕ್ಕದಲ್ಲಿಯೇ ಸೇವೆಗೆ ಅವಕಾಶವುಂಟು. ಶಾಲೆಯ ಉಪಾಧ್ಯಾಯರಿಗಾಗಿ ಪ್ರತ್ಯೇಕವಾದ ಸದಸ್ಯತ್ವವೇ ಇದ್ದು, ತರಗತಿಯಲ್ಲಿ ಬಳಸತಕ್ಕ ಉಪಕರಣಗಳೂ ಪಾಠಗಳೂ ಅವರಿಗೆ ದೊರೆಯುತ್ತವೆ.

ಸದಸ್ಯರ ಕೆಲಸದ ಸ್ವರೂಪವನ್ನು ಅರಿಯಬೇಕಾದರೆ ಕಾಣೆಯಾದ ವಿಮಾನವೊಂದರ ಹುಡುಕಾಟವನ್ನು ಹಿಂಬಾಲಿಸಿ ನೋಡಬೇಕು. ಸಣ್ಣ ವಿಮಾನವೊಂದು ಗೊತ್ತಾದ ಹೊತ್ತಿಗೆ ಗೊತ್ತಾದ ಊರನ್ನು ತಲಪದೆ ಹೋದರೆ, ಅಥವಾ ಅಪಘಾತದ ಪೆಟ್ಟಿಗೆ ತಾನಾಗಿ ಚಾಲೂ ಆಗುವ ವಿಪತ್ಸಂಕೇತದ ಯಂತ್ರವು ಉಪಗ್ರಹಕ್ಕೆ ಕೂಗಿಟ್ಟರೆ, ಫ್ಲಾರಿಡಾದ ಟಿಂಡಲ್ ವಾಯುನೆಲೆಯಲ್ಲಿರುವ ವಾಯುಸೇನೆಯ ರಕ್ಷಣಾ ಸಮನ್ವಯ ಕೇಂದ್ರವು ಆಯಾ ಸಂಸ್ಥಾನದ ವಿಂಗಿಗೆ ಕರೆ ಕಳಿಸುತ್ತದೆ. ನಡುರಾತ್ರಿಯಾದರೂ ಸರಿಯೆ, ಸದಸ್ಯರು ಹಾಸಿಗೆ ಬಿಟ್ಟೇಳುತ್ತಾರೆ. ವಿಮಾನದಲ್ಲಿ ಸಾಮಾನ್ಯವಾಗಿ ಮೂವರು: ಪೈಲಟ್, ಆತನ ಬಲಗಡೆ ಕುಳಿತು ದಾರಿಯನ್ನೂ ರೇಡಿಯೊವನ್ನೂ ನೋಡಿಕೊಳ್ಳುವ ವೀಕ್ಷಕ, ಹಿಂದಿನ ಪೀಠದಲ್ಲಿ ಕುಳಿತು ಕೇವಲ ನೆಲವನ್ನೇ ನೋಡುವ ಶೋಧಕ. ಪೈಲಟ್ಟಿನ ಕರ್ತವ್ಯವು ವಿಮಾನವನ್ನು ನೆಲದಿಂದ ಸುಮಾರು 1000 ಅಡಿ ಎತ್ತರದಲ್ಲಿ, ನಿಧಾನವಾಗಿ, ಗೆರೆ ಎಳೆದಂತೆ ನೇರವಾಗಿ ನಡೆಸುವುದಷ್ಟೆ. ಉಳುವವನು ಒಂದು ಸಾಲಿನ ಪಕ್ಕಕ್ಕೆ ಇನ್ನೊಂದು ಸಾಲನ್ನು ಕೂಡಿಸಿ ಹೊಲವನ್ನೆಲ್ಲ ಆವರಿಸುವಂತೆ, ವಿಮಾನವು ನಕ್ಷೆಯ ಒಂದೊಂದು ಚೌಕವನ್ನೂ ಸಮಾನಾಂತರ ರೇಖೆಗಳಲ್ಲಿ ಆವರಿಸುತ್ತದೆ.

ನೋಡುವ ಕೆಲಸವೂ ಒಂದು ವಿದ್ಯೆಯೇ. ಬಿದ್ದ ವಿಮಾನವು ವಿಮಾನದ ಆಕಾರದಲ್ಲಿ ಕಾಣುವುದು ಅಪರೂಪ; ಮುರಿದ ಮರದ ತುದಿ, ಸುಟ್ಟು ಕಪ್ಪಾದ ತೇಪೆ, ಹಸುರಿನ ನಡುವೆ ಒಪ್ಪದ ಬಣ್ಣ, ಕ್ಷಣಮಾತ್ರದ ಹೊಳಪು, ಇಂಥವೇ ಅದರ ಕುರುಹು. ದೃಷ್ಟಿಯನ್ನು ಸುಮ್ಮನೆ ಹರಿಯಬಿಟ್ಟರೆ ಕಣ್ಣು ಏನನ್ನೂ ಗ್ರಹಿಸದಾದ್ದರಿಂದ, ಒಂದೊಂದು ಬಿಂದುವಿನಲ್ಲಿಯೂ ಅರೆಗಳಿಗೆ ನಿಲ್ಲಿಸಿ ಮುಂದಕ್ಕೆ ಸರಿಸುವ ಅಭ್ಯಾಸವನ್ನು ಶೋಧಕನಿಗೆ ಕಲಿಸುತ್ತಾರೆ. ಕೆಳಗೆ ನೆಲದ ತಂಡವು, ಅದರಲ್ಲಿ ತರಬೇತಿ ಪಡೆದ ಕೆಡೆಟ್ಟುಗಳೂ ಸೇರಿ, ದಿಕ್ಸೂಚಿಯನ್ನೂ ಸಂಕೇತ ಹಿಡಿಯುವ ಯಂತ್ರವನ್ನೂ ಹೊತ್ತು ಕಾಡುಮೇಡುಗಳಲ್ಲಿ ನಡೆಯುತ್ತದೆ. ಬಹುಪಾಲು ಸಂಕೇತಗಳು ಕಡೆಗೆ ಸುಳ್ಳು ಕೂಗುಗಳೇ ಆಗಿರುತ್ತವೆ. ಕೊಟ್ಟಿಗೆಯಲ್ಲಿ ನಿಂತ ವಿಮಾನದ ಯಂತ್ರವು ಅಕಸ್ಮಾತ್ತಾಗಿ ಚಾಲೂ ಆಗಿರುವುದುಂಟು. ಆದರೂ ಹತ್ತನೆಯ ಸಲವೂ ಮೊದಲ ಸಲದಷ್ಟೇ ಶ್ರದ್ಧೆಯಿಂದ ಹೊರಡಬೇಕು; ಸ್ವಯಂಸೇವೆಯ ನಿಜವಾದ ಪರೀಕ್ಷೆ ಇರುವುದು ಈ ನೀರಸವಾದ ಹತ್ತನೆಯ ಸಲದಲ್ಲಿಯೇ. ಈಚಿನ ವರ್ಷಗಳಲ್ಲಿ ಹುಡುಕಾಟದ ಒಂದು ದೊಡ್ಡ ಪಾಲು ಮೇಜಿನ ಮೇಲೆಯೇ ನಡೆಯುತ್ತದೆ: ರೇಡಾರಿನ ದಾಖಲೆಗಳನ್ನು ವಿಶ್ಲೇಷಿಸುವ ಒಂದು ತಂಡ, ದಾರಿ ತಪ್ಪಿದವರ ಮೊಬೈಲ್ ಫೋನು ಕೊನೆಯದಾಗಿ ಯಾವ ಗೋಪುರವನ್ನು ಮುಟ್ಟಿತ್ತೆಂದು ಲೆಕ್ಕಹಾಕುವ ಇನ್ನೊಂದು ತಂಡ. ಕಾಲಿಗೆ ಬೂಟು ತೊಡದೆ, ಮನೆಯ ಕೋಣೆಯಲ್ಲಿ ಕುಳಿತು, ಅವರು ಉಳಿಸಿದ ಜೀವಗಳು ಹಲವು.

ಇದಲ್ಲದೆ ಪ್ರವಾಹ ಬಿರುಗಾಳಿಗಳ ಅನಂತರ ಹಾನಿಗೀಡಾದ ಪ್ರದೇಶದ ಛಾಯಾಚಿತ್ರಗಳನ್ನು ತೆಗೆದುಕೊಡುವುದು, ರಕ್ತವನ್ನೂ ಔಷಧವನ್ನೂ ಸಾಗಿಸುವುದು, ಅಪರಿಚಿತ ವಿಮಾನದ ವೇಷ ಹಾಕಿ ವಾಯುಸೇನೆಯ ಯುದ್ಧವಿಮಾನಗಳಿಗೆ ಅಡ್ಡಗಟ್ಟುವ ಅಭ್ಯಾಸ ಮಾಡಿಸುವುದು ಮುಂತಾದ ಕೆಲಸಗಳೂ ಇವೆ. 2001ರ ಸೆಪ್ಟೆಂಬರ್ 11ರ ದುರಂತವಾದ ಮರುದಿನ, ದೇಶದ ಸಾಮಾನ್ಯ ವಿಮಾನಗಳೆಲ್ಲ ನೆಲದ ಮೇಲೆ ನಿಂತಿದ್ದಾಗ, ಉರುಳಿದ ಗೋಪುರಗಳ ಚಿತ್ರಗಳನ್ನು ಮೇಲಿನಿಂದ ತೆಗೆದು ರಕ್ಷಣಾಕಾರ್ಯಕ್ಕೆ ಒದಗಿಸಿದ್ದು ಈ ದಳದ ಸೆಸ್ನಾ ವಿಮಾನ.

ಈ ಚಿತ್ರದ ಇನ್ನೊಂದು ಮಗ್ಗುಲನ್ನೂ ಮರೆಮಾಡಬಾರದು. ಸದಸ್ಯನು ವರ್ಷವರ್ಷವೂ ಚಂದಾ ತೆರಬೇಕು. ಹಿರಿಯರು ಸಮವಸ್ತ್ರವನ್ನು ಸ್ವಂತ ಹಣದಿಂದಲೇ ಕೊಳ್ಳಬೇಕು. ವಾಯುಸೇನೆ ಒಪ್ಪಿಸಿದ ಹಾರಾಟಕ್ಕೆ ಇಂಧನದ ಖರ್ಚು ಬರುತ್ತದಾದರೂ ಕಳೆದ ಸಂಜೆಗಳಿಗೂ ತಪ್ಪಿದ ಸಂಪಾದನೆಗೂ ಪರಿಹಾರವಿಲ್ಲ. ಪೈಲಟ್ಟಾಗಿ ಹಾರಲೆಂದು ಸೇರಿದವನು, ಹೊರಗಡೆ ತನ್ನ ಖರ್ಚಿನಲ್ಲಿ ಲೈಸೆನ್ಸು ಪಡೆದು, ನಿಯತವಾದ ಅನುಭವವನ್ನು ಗಳಿಸಿ, ದಳದ ಪರೀಕ್ಷೆಗಳನ್ನು ಮುಗಿಸುವ ತನಕ ಕಾಯಬೇಕು. ಕಾಗದಪತ್ರಗಳ ಕಾಟ ವಿಪರೀತ. ಹೆಗಲ ಮೇಲೆ ಕ್ಯಾಪ್ಟನ್, ಮೇಜರ್ ಎಂಬ ದರ್ಜೆಯ ಪಟ್ಟಿ ಇದ್ದರೂ ಸೈನಿಕರ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ. ಈ ಭೇದವನ್ನು ಮರೆತು ಬೀಗುವವರು ಹಾಸ್ಯಕ್ಕೆ ಗುರಿಯಾಗುತ್ತಾರೆ. ವಾಯುಸೇನೆಯ ಮಾದರಿಯ ಉಡುಪಿಗೆ ದೇಹದ ತೂಕದ ಕಟ್ಟುಪಾಡು ಉಂಟು. ಅದಕ್ಕೆ ಹೊಂದದವರಿಗಾಗಿ ಬಿಳಿಯ ಅಂಗಿ ಬೂದುಬಣ್ಣದ ಷರಾಯಿಯ ಬೇರೊಂದು ಉಡುಪನ್ನು ಏರ್ಪಡಿಸಿ, ಉಡುಪಿನ ಕಾರಣದಿಂದ ಯಾರ ಸೇವೆಯೂ ತಪ್ಪದಂತೆ ನೋಡಿಕೊಂಡಿದ್ದಾರೆ.

ಎಳೆಯರಿಗೆ ಸೇನೆಯ ಉಡುಪು ತೊಡಿಸಿ ಕವಾಯತು ಮಾಡಿಸುವುದು ಅವರ ಮನಸ್ಸನ್ನು ಯುದ್ಧದ ಕಡೆಗೆ ತಿರುಗಿಸುವುದಿಲ್ಲವೆ ಎಂಬ ಆಕ್ಷೇಪವನ್ನೂ ಲಘುವಾಗಿ ತಳ್ಳಿಹಾಕುವಂತಿಲ್ಲ. ದಳದ ಹಿಂದೆ ಸೇನೆಯ ಹಣವೂ ಸೇನೆಯ ನೆರಳೂ ಇರುವುದು ದಿಟ. ಆದರೆ ಕೆಡೆಟ್ಟುಗಳು ಸೈನಿಕರಲ್ಲ. ಸೇನೆಯ ಶಾಸನ ಅವರಿಗೆ ತಗಲುವುದಿಲ್ಲ. ತಂದೆತಾಯಿಗಳಿಗೆ ಬೇಡವೆನಿಸಿದ ದಿನ ಮಗುವನ್ನು ಬಿಡಿಸಿಕೊಳ್ಳಬಹುದು. ಆಪತ್ಕಾಲದಲ್ಲಿ ಅವರು ಹುಡುಕಲು ಹೋಗುವುದು ಶತ್ರುವನ್ನಲ್ಲ, ದಾರಿತಪ್ಪಿದ ಮುದುಕನನ್ನು. ಶಿಸ್ತನ್ನು ಯಾವ ಪ್ರಯೋಜನಕ್ಕಾಗಿ ಕಲಿಸುತ್ತಾರೆಂಬುದನ್ನು ನೋಡಿ ಅದರ ಗುಣದೋಷಗಳನ್ನು ಅಳೆಯುವುದು ನ್ಯಾಯ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯದಲ್ಲಿ ನೇರವಾದ ಸಂಬಂಧವುಂಟು. ಪೌರತ್ವವನ್ನಾಗಲಿ ಗ್ರೀನ್ ಕಾರ್ಡನ್ನಾಗಲಿ ಪಡೆದವರ ಮಕ್ಕಳಿಗೆ ಬಾಗಿಲು ತೆರೆದಿದೆ. ತಾತ್ಕಾಲಿಕ ಉದ್ಯೋಗದ ವೀಸಾದ ಮೇಲೆ ಇರುವವರು ಕಾಯಬೇಕಾದೀತು. ಮಗುವನ್ನು ಕಾರಿನಲ್ಲಿ ತಂದು ಇಳಿಸಿ, ಸಭೆ ಮುಗಿಯುವ ತನಕ ಹೊರಗೆ ಕಾಯುವ ತಂದೆತಾಯಿಗಳು ತಾವೂ ಒಳಗೆ ಬಂದು ಸದಸ್ಯರಾಗುವುದು ಅಲ್ಲಿ ಸಾಮಾನ್ಯ. ಎಂಜಿನಿಯರಿಕೆ, ಲೆಕ್ಕ, ಉಪಾಧ್ಯಾಯ ವೃತ್ತಿಗಳಲ್ಲಿ ನುರಿತ ನಮ್ಮವರಿಗೆ ಅಲ್ಲಿ ಕೆಲಸದ ಕೊರತೆಯಿರದು. ಇಲ್ಲಿಯೇ ಇರುವ ನಮ್ಮ ಮಕ್ಕಳಿಗೆ 1948ರ ಶಾಸನದಿಂದ ಸ್ಥಾಪಿತವಾದ ಎನ್‌ಸಿಸಿಯೂ ಅದರ ವಾಯುವಿಭಾಗವೂ ಇವೆ. ಬೆಂಗಳೂರಿನ ಜಕ್ಕೂರಿನ ನೆಲದಿಂದ ಅದರ ಕೆಡೆಟ್ಟುಗಳು ಲಘುವಿಮಾನದಲ್ಲಿ ಹಾರುತ್ತಾರೆ. ಅದು ಶಾಲೆ ಕಾಲೇಜುಗಳ ಮೂಲಕ ಸರ್ಕಾರವೇ ನಡೆಸುವ ಸಂಸ್ಥೆ. ವಿದ್ಯಾರ್ಥಿದೆಸೆ ಮುಗಿದೊಡನೆ ಕೆಡೆಟ್ಟಿನ ಸಂಬಂಧವೂ ಮುಗಿಯುತ್ತದೆ. ಹೋಂಗಾರ್ಡ್ ಮತ್ತು ಪೌರರಕ್ಷಣಾ ದಳಗಳು ವಯಸ್ಕರಿಗೆ ಉಂಟಾದರೂ, ನಲವತ್ತು ವರ್ಷದ ಲೆಕ್ಕಿಗನೂ ಹದಿಮೂರು ವರ್ಷದ ಬಾಲಕನೂ ಒಂದೇ ಹುಡುಕಾಟದ ಎರಡು ಕೊನೆಗಳನ್ನು ಹಿಡಿದು ದುಡಿಯುವಂಥ ಏರ್ಪಾಡು ಅವುಗಳಲ್ಲಿಲ್ಲ.

2014ರಲ್ಲಿ ಅಮೆರಿಕದ ಶಾಸನಸಭೆಯು ತನ್ನ ಅತ್ಯುಚ್ಚ ಗೌರವವಾದ ಸ್ವರ್ಣಪದಕವನ್ನು ಯುದ್ಧಕಾಲದ ಸದಸ್ಯರ ಹೆಸರಿನಲ್ಲಿ ಈ ದಳಕ್ಕೆ ಅರ್ಪಿಸಿತು; ಆ ವೇಳೆಗೆ ಅವರಲ್ಲಿ ಬದುಕಿ ಉಳಿದಿದ್ದವರು ಅತ್ಯಲ್ಪ. ಗೌರವವು ತಡವಾಗಿ ಬಂದಿತೆಂದು ಮರುಗುವವರುಂಟು. ಆದರೆ ದಳವು ಅಷ್ಟು ಕಾಲ ಬದುಕಿದ್ದು ಪದಕದ ನಿರೀಕ್ಷೆಯಿಂದಲ್ಲವಾದ್ದರಿಂದ ಆ ಮರುಕಕ್ಕೆ ಹೆಚ್ಚಿನ ಕಾರಣವಿಲ್ಲ. ವಿಪತ್ತು ಬಂದಾಗ ಸಹಾಯಕ್ಕೆ ಧಾವಿಸುವ ಜನ ಎಲ್ಲ ದೇಶಗಳಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಧಾರಾಳವಾಗಿ ಇದ್ದಾರೆ. ವಿಪತ್ತಿಲ್ಲದ ದಿನಗಳಲ್ಲಿ ವಾರಕ್ಕೊಂದು ಸಂಜೆಯಂತೆ ಕುಳಿತು, ನಕ್ಷೆ ಓದುವುದನ್ನೂ ರೇಡಿಯೊದಲ್ಲಿ ಮಿತವಾಗಿ ಮಾತಾಡುವುದನ್ನೂ ಗಾಯಕ್ಕೆ ಪಟ್ಟಿ ಕಟ್ಟುವುದನ್ನೂ ಮತ್ತೆ ಮತ್ತೆ ಕಲಿತು ಪರೀಕ್ಷೆಗೆ ಒಪ್ಪಿಸಿಕೊಳ್ಳುವ ತಾಳ್ಮೆ ಮಾತ್ರ ವಿರಳ. ಆ ತಾಳ್ಮೆಯನ್ನು ಸಾಮಾನ್ಯ ಜನರಲ್ಲಿ ಬೆಳೆಸಿ, ತಲೆಮಾರಿನಿಂದ ತಲೆಮಾರಿಗೆ ಸಾಗಿಸಿಕೊಂಡು ಬಂದುದರಿಂದಲೇ ಈ ದಳವು ತನ್ನನ್ನು ಹುಟ್ಟಿಸಿದ ಯುದ್ಧವನ್ನು ಮೀರಿ ಉಳಿದಿದೆ. ಇಂಥದನ್ನು ಕಟ್ಟಬಯಸುವ ಯಾವ ದೇಶವಾದರೂ ವಿಮಾನಗಳನ್ನು ಕೊಳ್ಳುವುದಕ್ಕೆ ಮುಂಚೆ ಆ ವಾರದ ಸಂಜೆಯನ್ನು ಏರ್ಪಡಿಸಬೇಕು.